ಎಣ್ಣೆ ಕುಡಿದ ದಿಂಬು

ಮನುಷ್ಯರನ್ನು ಕಂಡ ಕೂಡಲೇ ಮನಸ್ಸಿನಲ್ಲೇ ಅಂಕ ಹಾಕುವ ಚಟ ನನಗೆ ಮೊದಲಿನಿಂದಲೂ ಇದೆ. ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳಿಗೆ ಬೇರೆ ಯಾವ ಚಟ ಅಂಟೀತು? ಗಂಡನ ಮನೆಯವರಿಗೆಲ್ಲ ಮದುವೆಯಾದ ಮೊದಲ ವಾರದಲ್ಲೇ ಅಂಕ ಹಾಕಿ ಮುಗಿಸಿದ್ದೆ. ಭಾವನಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಗಂಟಲಿಗೆ ನೂರಕ್ಕೆ ನೂರು, ತಲೆಗೆ ಸೊನ್ನೆ. ಗಂಡನಿಗೆ ಕೈಕೆಲಸದಲ್ಲಿ ಎಂಬತ್ತು, ಮಾತಿನಲ್ಲಿ ಗೈರುಹಾಜರಿ. ಅತ್ತೆಗೆ ಪಾಸಾಗಲು ಬೇಕಾದ ಮೂವತ್ತೈದು, ಅದೂ ವಯಸ್ಸಿಗೆ ಮರ್ಯಾದೆ ಕೊಟ್ಟು. ನನಗೆ ನಾನು ಅಂಕ ಹಾಕಿಕೊಂಡಿರಲಿಲ್ಲ. ಪೇಪರ್ ತಿದ್ದುವವರು ಪರೀಕ್ಷೆ ಬರೆಯುವುದಿಲ್ಲವಲ್ಲ.

ನಮ್ಮದು ಕೂಟಗಲ್ ಕಡೆಯ ಒಂದು ಹಳ್ಳಿ. ಗಂಡ ಬಿಡದಿ ರಸ್ತೆಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ಕು. ಭಾವ ಏನು ಕೆಲಸ ಮಾಡುತ್ತಿದ್ದರು ಎಂಬುದು ಭಾವನಿಗೂ ಗೊತ್ತಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬೆಳಿಗ್ಗೆ ಬೈಕು ಹತ್ತಿದರೆ ರಾಮನಗರದ ತಾಲ್ಲೂಕು ಕಚೇರಿ ಎದುರಿನ ಕಾಫಿ ಅಂಗಡಿಯಲ್ಲಿ ಕೂತು ದೇಶ ಆಳಿ, ಸಂಜೆ ಊಟಕ್ಕೆ ಮನೆಗೆ ಬರುತ್ತಿದ್ದರು. ಮನೆಯನ್ನು ನಿಜವಾಗಿ ಸಾಕುತ್ತಿದ್ದದ್ದು ತೋಟದ ಅಂಚಿನ ಹುಳುಮನೆ, ಅಂದರೆ ರೇಷ್ಮೆ ಹುಳು ಮೇಯಿಸುವ ಉದ್ದನೆಯ ಹೆಂಚಿನ ಕೊಠಡಿ. ಹುಳುಮನೆಯನ್ನು ಸಾಕುತ್ತಿದ್ದದ್ದು ಅತ್ತೆ.

ಬಿಡದಿ ಕಡೆ ಕಾರಿನ ಕಾರ್ಖಾನೆಗಳು ಬಂದ ಮೇಲೆ ಭಾವನ ಕಣ್ಣು ಆ ಹುಳುಮನೆಯ ಮೇಲೆ ಬಿತ್ತು. ಅದನ್ನು ಅಡ್ಡಡ್ಡ ಗೋಡೆ ಹಾಕಿ ಆರು ರೂಮು ಮಾಡಿದರೆ ಕಾರ್ಖಾನೆ ಹುಡುಗರಿಗೆ ಬಾಡಿಗೆಗೆ ಬಿಡಬಹುದು, ಹುಳುವಿನ ಕಸ ಬಳಿಯುವ ಕರ್ಮ ಯಾರಿಗೆ ಬೇಕು ಎಂಬುದು ಅವರ ವಾದ. ಇವರು ಒಂದು ದಿನ ಆ ಕಸ ಬಳಿದಿದ್ದರೆ ವಾದಕ್ಕೊಂದು ತೂಕವಿರುತ್ತಿತ್ತು. ಅಷ್ಟರಲ್ಲಿ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂತು. ಗೂಡು ಕಟ್ಟಲು ಹಣ್ಣಾದ ಹುಳುವಿಗೂ ಹಸಿ ಹುಳುವಿಗೂ ವ್ಯತ್ಯಾಸ ಕಾಣದಾಯಿತು. ಭಾವನಿಗೆ ಅದೇ ಬೇಕಾಗಿತ್ತು.

"ಇನ್ನೇನವ್ವಾ, ಕಣ್ಣೂ ಹೋಯ್ತು. ಈ ಯುಗಾದಿಗೆ ಹುಳಿನ್ಮನೆ ಖಾಲಿ ಮಾಡ್ಬುಡು," ಅಂದರು.

"ನನ್ ಸೊಸೆ ಮಾಡ್ತಾಳೆ ಬುಡು," ಅಂದಳು ಅತ್ತೆ.

"ಸೀಮೆಸುಣ್ಣ ಹಿಡ್ಯೋ ಕೈಲಿ ಹುಳ ಸಾಕೋಕಾಯ್ತದಾ? ಆಗ್ಲಿ, ಎರಡು ಬೆಳೆ ನೋಡವ. ಒಂದು ಕೆಟ್ರೂ ಗಾರೆಯೋರ್ನ ಕರ್ಕೊಂಡು ಬತ್ತೀನಿ."

ಹೀಗೆ ಎರಡು ಬೆಳೆಯ ಗಡುವಿನೊಂದಿಗೆ ಹುಳುಮನೆ ನನ್ನ ಕೈಗೆ ಬಂತು. ಅತ್ತೆಯ ಮೇಲಿನ ಪ್ರೀತಿಯಿಂದ ಒಪ್ಪಿಕೊಂಡೆ ಅಂತ ಬರೆದರೆ ಸುಳ್ಳಾಗುತ್ತದೆ. ಭಾವನ ಮುಖಭಂಗ ನೋಡಬೇಕೆಂಬ ಆಸೆಯಿಂದ ಒಪ್ಪಿಕೊಂಡೆ.

ಅತ್ತೆಯ ಹುಳುಮನೆಗೆ ನೂರೆಂಟು ಕಟ್ಟಳೆ. ಈರುಳ್ಳಿ ತಿಂದು ಒಳಗೆ ಬರಬಾರದು, ತಲೆಗೆ ಎಣ್ಣೆ ಹಚ್ಚಿದ ದಿನ ಹಿಪ್ಪುನೇರಳೆ ಸೊಪ್ಪು ಮುಟ್ಟಬಾರದು, ಹೊರಗಿನವರು ಹೊಸಿಲು ದಾಟಬಾರದು. ಒಂದು ಬೆಳೆ ಮುಗಿದರೆ ಹುಳುವಿನ ತಟ್ಟೆ, ಅವನ್ನು ಜೋಡಿಸುವ ಸ್ಟ್ಯಾಂಡು, ಬಟ್ಟಲು ಎಲ್ಲವನ್ನೂ ತೋಟದ ಮೆಟ್ಟಿಲು ಬಾವಿಗೆ ಹೊತ್ತು ತಂದು, ಮೇಲಿಂದ ನೀರು ಹುಯ್ದು ತೊಳೆಯುವುದಲ್ಲ, ಬಾವಿಯ ನೀರಿನಲ್ಲೇ ಮೂರು ಸಲ ಮುಳುಗಿಸಿ ತೆಗೆಯಬೇಕು. ಹುಯ್ದ ನೀರಿಗೆ ಹುಳುವಿನ ಕಾಯಿಲೆ ಹೋಗುವುದಿಲ್ಲವಂತೆ, ಮುಳುಗಿಸಿದರೆ ಹೋಗುತ್ತದಂತೆ. ನಾನು ಒಳಗೊಳಗೇ ನಗುತ್ತಾ ಎಲ್ಲವನ್ನೂ ಮಾಡಿದೆ. ಮೂಢರ ಜೊತೆ ವಾದ ಮಾಡಿ ಸಮಯ ಕಳೆಯುವುದಕ್ಕಿಂತ ಮೂರು ಸಲ ಮುಳುಗಿಸುವುದೇ ಬೇಗ ಮುಗಿಯುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ನನ್ನ ವಿದ್ಯೆ ಸುಮ್ಮನಿರಲಿಲ್ಲ. ಹುಳುವಿಗೆ ಇರುವೆ ದೊಡ್ಡ ಶತ್ರು. ಅದಕ್ಕೆ ಸ್ಟ್ಯಾಂಡಿನ ಒಂದೊಂದು ಕಾಲಿನ ಕೆಳಗೂ ನೀರು ತುಂಬಿದ ಬಟ್ಟಲು ಇಡುತ್ತಾರೆ. ಬೇಸಿಗೆಯಲ್ಲಿ ಆ ನೀರು ಮಧ್ಯಾಹ್ನದೊಳಗೆ ಆರಿಹೋಗುತ್ತದೆ. ಅತ್ತೆ ದಿನಕ್ಕೆ ಎರಡು ಸಲ ಕೂತು, ತೆವಳಿಕೊಂಡು, ಎಂಟು ಸ್ಟ್ಯಾಂಡಿನ ಮೂವತ್ತೆರಡು ಬಟ್ಟಲಿಗೂ ನೀರು ತುಂಬುತ್ತಿದ್ದಳು. ನಾನು ಶಾಲೆಗೆ ಹೋಗುವವಳು, ತೆವಳಲು ನನಗೆಲ್ಲಿ ಬಿಡುವು? ಗಂಡನಿಗೆ ಹೇಳಿ ಗ್ಯಾರೇಜಿನಿಂದ ಒಂದು ಕ್ಯಾನು ವೇಸ್ಟ್ ಆಯಿಲ್ ತರಿಸಿದೆ. ಗಾಡಿಯಿಂದ ಇಳಿಸಿದ ಕರಿ ಎಣ್ಣೆ. ಬಟ್ಟಲಿಗೆ ಒಂದು ಸಲ ತುಂಬಿದರೆ ವಾರವಾದರೂ ಆರುವುದಿಲ್ಲ, ಇರುವೆ ಹತ್ತಿರವೂ ಸುಳಿಯುವುದಿಲ್ಲ. ಹುಳುವಿನ ಹಿಕ್ಕೆ ಬಿದ್ದು ಬಟ್ಟಲು ತುಂಬಿಕೊಂಡಾಗ ರಜೆಯ ದಿನ ಭಾನುವಾರ ಬಾವಿಗೆ ಒಯ್ದು, ಅತ್ತೆಯ ಪದ್ಧತಿಯಂತೆಯೇ ಮೂರು ಸಲ ಮುಳುಗಿಸಿ, ಹೊಸ ಎಣ್ಣೆ ತುಂಬುತ್ತಿದ್ದೆ. ಇಷ್ಟು ಸುಲಭದ ಉಪಾಯ ಈ ಜನಕ್ಕೆ ಅಜ್ಜ ಮುತ್ತಜ್ಜನ ಕಾಲದಿಂದ ಹೊಳೆಯಲಿಲ್ಲವಲ್ಲ ಅಂತ ಶಾಲೆಯಲ್ಲಿ ಹೇಳಿಕೊಂಡು ನಕ್ಕಿದ್ದೂ ಉಂಟು. ಮೊದಲ ಬೆಳೆಯ ಕೊನೆಯ ವಾರದಲ್ಲಿ ಶುರು ಮಾಡಿದ್ದು. ಬೆಳೆ ಚೆನ್ನಾಗಿಯೇ ಬಂತು.

ಎರಡನೇ ಬೆಳೆಗೆ ಚಾಕಿ ಹುಳು, ಅಂದರೆ ಎರಡು ಜ್ವರ (ಮೇವು ಬಿಟ್ಟು ಚರ್ಮ ಕಳಚುವ ನಿದ್ದೆ) ಕಳೆದ ಮರಿ ಹುಳು, ತಂದು ಬಿಟ್ಟ ವಾರದಲ್ಲೇ ಬಾವಿಯಲ್ಲಿ ಎಣ್ಣೆ ಕಾಣಿಸಿತು. ನೀರಿನ ಮೇಲೆ ನೇರಳೆ, ಹಸಿರು, ಹಳದಿ ಬಣ್ಣದ ಪೊರೆ. ಮೊದಲು ಕಂಡದ್ದು ಭಾವನಿಗೆ. ಜನ್ಮದಲ್ಲಿ ಬಾವಿ ಕಡೆ ಹೋಗದವರು ಅವತ್ತು ಹಲ್ಲುಜ್ಜುತ್ತಾ ಹೋಗಿದ್ದರು. ಅರ್ಧ ಗಂಟೆಯಲ್ಲಿ ಊರಿಗೆ ಊರೇ ನಮ್ಮ ತೋಟದಲ್ಲಿ ನೆರೆಯಿತು.

"ನೋಡ್ರಲಾ, ಫ್ಯಾಕ್ಟ್ರಿಯೋರು ವಿಷ ಬುಟ್ಟವ್ರೆ! ಬಿಡದಿಯಿಂದ ಭೂಮಿಯೊಳ್ಗೇ ಹರ್ಕೊಂಡು ಬಂದ್ಬುಟ್ಟೈತೆ!" ಅಂತ ಭಾವ ಬಾವಿಕಟ್ಟೆ ಹತ್ತಿ ಕೂಗಿದರು. ಬಾಯಲ್ಲಿ ಇನ್ನೂ ಪೇಸ್ಟಿನ ನೊರೆ ಇತ್ತು.

"ಅಷ್ಟು ದೂರದಿಂದ ಬತ್ತದಾ?" ಅಂತ ಒಬ್ಬ ಮುದುಕ ಕೇಳಿದ. ಇಡೀ ಗುಂಪಿನಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ. ಅವನ ಬಾಯಿ ಮುಚ್ಚಿಸಿದ್ದು ಭಾವನಲ್ಲ, ನಾನು. ಬಂಡೆಯ ಬಿರುಕುಗಳಲ್ಲಿ ನೀರು ಹೇಗೆ ಹರಿಯುತ್ತದೆ ಅಂತ ಬಾವಿಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸಿದೆ. ಅವತ್ತು ಸೋಮವಾರ, ಎಣ್ಣೆ ಅವತ್ತೇ ಯಾಕೆ ಕಾಣಿಸಿತು ಎಂಬುದಕ್ಕೂ ನನ್ನ ಹತ್ತಿರ ಉತ್ತರವಿತ್ತು: ಭಾನುವಾರ ಕಾರ್ಖಾನೆಗೆ ರಜೆ, ನೋಡುವವರು ಇರುವುದಿಲ್ಲ, ಆಗ ತೊಟ್ಟಿ ತೊಳೆದು ಬಿಡುತ್ತಾರೆ. ಜನ ತಲೆದೂಗಿದರು. ನನ್ನ ಜೀವಮಾನದಲ್ಲಿ ಅಷ್ಟು ಶಿಸ್ತಿನ ತರಗತಿ ಸಿಕ್ಕಿದ್ದು ಅದೇ ಮೊದಲು.

ಗಂಡ ಮಾತ್ರ ಮೆಟ್ಟಿಲಿಳಿದು ಬೆರಳು ಅದ್ದಿ ಮೂಸಿದ. "ಗಾಡಿ ಆಯಿಲ್ ವಾಸ್ನೆ ಕಣೆ," ಅಂದ. ವಾರಕ್ಕೊಂದು ಸಲ ಬಾಯಿ ಬಿಡುವವನು.

"ಕಾರು ಮಾಡೋ ಫ್ಯಾಕ್ಟರಿ ನೀರು ಇನ್ನೇನು ಮಲ್ಲಿಗೆ ವಾಸನೆ ಬರುತ್ತಾ?" ಅಂದೆ. ಅವನು ಪ್ಯಾಂಟಿಗೆ ಬೆರಳೊರೆಸಿಕೊಂಡು ಕೆಲಸಕ್ಕೆ ಹೋದ.

ಅರ್ಜಿ ಬರೆದವಳೂ ನಾನೇ. ಭಾವನ ಕನ್ನಡದಲ್ಲಿ ಅದು ಹೋಗಿದ್ದರೆ ಓದಿದವರು ಅಳುತ್ತಿದ್ದರೋ ನಗುತ್ತಿದ್ದರೋ ಹೇಳಲಾಗದು. ಎರಡು ಪುಟ, ಒಂದೂ ಚಿತ್ತಿಲ್ಲದಂತೆ ಬರೆದೆ. "ಈ ಹೇಯ ಕೃತ್ಯಕ್ಕೆ ಕಾರಣರಾದವರು ಎಷ್ಟೇ ದೊಡ್ಡವರಾಗಿರಲಿ, ಅವರನ್ನು ಪತ್ತೆ ಹಚ್ಚಿ ಕಠಿಣ ಶಿಕ್ಷೆಗೆ ಗುರಿಪಡಿಸಬೇಕು" ಎಂಬ ವಾಕ್ಯ ಬರೆದು ಅದರ ಕೆಳಗೆ ಗೆರೆ ಎಳೆದೆ. ಊರಿನವರ ಹೆಬ್ಬೆಟ್ಟುಗಳ ಮೇಲೆ ಮೊದಲ ಸಹಿ ನನ್ನದೇ.

ಅರ್ಜಿ ಹೋದ ಕೂಡಲೇ ಭಾವ ಕಾವಲಿಗೆ ನಿಂತರು. ಬಾವಿಯನ್ನಲ್ಲ, ಎಣ್ಣೆಯನ್ನು ಕಾಯಲು. ಅಧಿಕಾರಿ ಬಂದು ನೋಡುವ ತನಕ ಯಾರೂ ಮೇಲಿನ ನೀರು ಕದಡಕೂಡದು, ಎಣ್ಣೆ ತೆಗೆಯಕೂಡದು, ಪರಿಹಾರ ಬರುವುದು ಅದರಿಂದಲೇ ಎಂಬ ಅಪ್ಪಣೆ. ಬೂರುಗದ ಮರವನ್ನು ಗಿಣಿ ಕಾದ ಹಾಗೆ ಅನ್ನುವ ಗಾದೆ ನಮ್ಮ ಕಡೆ ಇದೆ. ಕಾಯಿ ಹಣ್ಣಾಗಲಿ ಅಂತ ಗಿಣಿ ಕಾಯುತ್ತದೆ, ಕೊನೆಗೆ ಒಡೆದರೆ ಒಳಗೆ ಬರೀ ಅರಳೆ. ನಮ್ಮ ಬಾವಿಯ ಪಕ್ಕದಲ್ಲೇ ಒಂದು ಬೂರುಗದ ಮರವಿತ್ತು, ಅದರ ಕೆಳಗೇ ಭಾವ ಕುರ್ಚಿ ಹಾಕಿಸಿಕೊಂಡು ಕೂತರು. ಗಾದೆಗೆ ಚಿತ್ರ ಬೇಕಿದ್ದವರು ಬಂದು ನೋಡಬಹುದಿತ್ತು.

ಆದರೆ ಹುಳುವಿಗೆ ಪರಿಹಾರ ಗೊತ್ತಾಗುವುದಿಲ್ಲ. ಅದಕ್ಕೆ ಸೊಪ್ಪು ಬೇಕು. ಬೇಸಿಗೆಯಲ್ಲಿ ಕೊಯ್ದ ಸೊಪ್ಪು ಬಾಡದಂತೆ ನೀರು ಚಿಮುಕಿಸಿ ಒದ್ದೆ ಗೋಣಿತಾಟು ಹೊದಿಸಿಡಬೇಕು. ನಮಗಿದ್ದದ್ದು ಅದೊಂದೇ ಬಾವಿ. ಎಣ್ಣೆಯ ಜಿಡ್ಡು ತಾಟಿಗೆ ಹತ್ತಿ, ತಾಟಿನಿಂದ ಸೊಪ್ಪಿಗೆ ಹತ್ತಿತು. ಮೂರನೇ ಜ್ವರದಿಂದ ಎದ್ದ ಹುಳು ಸೊಪ್ಪಿನ ಮೇಲೆ ತಲೆಯೆತ್ತಿ ಸುಮ್ಮನೆ ನಿಂತವು. ತಿನ್ನಲಿಲ್ಲ. ಮಾರನೇ ದಿನ ಎರಡು ತಟ್ಟೆ ಹುಳು ಸುರುಟಿಕೊಂಡು ಸತ್ತವು. ಅವನ್ನು ಗುಂಡಿಗೆ ಸುರಿದು ಬಂದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಈ ಬೆಳೆ ಹೋದರೆ ಹುಳುಮನೆ ಹೋಯಿತು. ಭಾವ ಆಗಲೇ ಗಾರೆಯವನೊಬ್ಬನನ್ನು ಕರೆತಂದು ಗೋಡೆ ಅಳತೆ ಹಾಕಿಸಿದ್ದರು.

ಅತ್ತೆ ಸತ್ತ ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಮೂಸಿದಳು. ನನ್ನ ಕಡೆ ತಿರುಗಿ, "ಬೂರುಗದ ಕಾಯಿ ಒಡ್ದವಾ ಮಗಾ?" ಅಂತ ಕೇಳಿದಳು.

ಮನೆಗೆ ಬೆಂಕಿ ಬಿದ್ದಿರುವಾಗ ಬೂರುಗದ ಕಾಯಿಯಂತೆ! ನಮ್ಮ ಕಡೆ ಆ ಮರಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಸೌದೆಗೂ ಆಗುವುದಿಲ್ಲ, ನೆರಳಿಗೂ ಸಾಲದು, ಕಾಯಿ ಒಡೆದರೆ ಅರಳೆ ಹಾರಿ ಸೊಪ್ಪಿನ ಮೇಲೆಲ್ಲ ಕೂತು ಕಸ. "ಇನ್ನೂ ಇಲ್ಲ ಅತ್ತೆ, ಹಸಿರಾಗೇ ಇವೆ," ಅಂದೆ. ಮನಸ್ಸಿನಲ್ಲಿ ಮೂವತ್ತೈದನ್ನು ಮೂವತ್ತಕ್ಕೆ ಇಳಿಸಿದೆ. ಮರುದಿನವೂ ಅದನ್ನೇ ಕೇಳಿದಳು. ಅದರ ಮರುದಿನವೂ. ಅರಳುಮರುಳು ಅಂತ ತೀರ್ಮಾನಿಸಿದೆ.

ಭಾವನ ಕಣ್ಣು ತಪ್ಪಿಸಿ ನೀರು ಸ್ವಚ್ಛ ಮಾಡಬೇಕೆಂದು ನಾನೇ ಹೊರಟೆ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಚನ್ನಪಟ್ಟಣದವರು. ಅವರ ಬೀದಿಯಲ್ಲಿ ಬೊಂಬೆ ಮಾಡುವ ಮನೆಗಳಿವೆ. ಕಡೆಯುವಾಗ ಬೀಳುವ ಮರದ ಹೊಟ್ಟು ಒಣಗಿದ ಪದಾರ್ಥ, ಎಣ್ಣೆಯನ್ನು ಹೀರಿಯೇ ಹೀರುತ್ತದೆ ಅಂತ ಕನ್ನಡಕ ಏರಿಸಿ ಹೇಳಿ, ಮಾರನೇ ದಿನ ಬಸ್ಸಿನಲ್ಲಿ ಒಂದು ಮೂಟೆ ಹೊಟ್ಟನ್ನು ಹೊತ್ತು ತಂದರು. ಭಾವ ಊಟಕ್ಕೆ ಹೋದ ಹೊತ್ತಿನಲ್ಲಿ ಇಬ್ಬರೂ ಸೇರಿ ಬಾವಿಗೆ ಸುರಿದೆವು. ಮೊದಲ ಗಂಟೆ ತೇಲಿತು. ಮೇಷ್ಟ್ರು ಎದೆಯುಬ್ಬಿಸಿ ಬಸ್ಸು ಹತ್ತಿದರು. ಸಂಜೆಗೆ ಹೊಟ್ಟೆಲ್ಲ ಎಣ್ಣೆಯ ಜೊತೆ ನೀರನ್ನೂ ಕುಡಿದು ಭಾರವಾಗಿ ಮುಳುಗಿ, ಬಾವಿಯ ತಳ ರಾಗಿ ಅಂಬಲಿಯಂತಾಯಿತು. ಪಂಪಿನ ಫುಟ್‌ವಾಲ್ವಿಗೆ ಹೊಟ್ಟು ಸಿಕ್ಕಿಕೊಂಡು ಮೋಟಾರು ಬರೀ ಗಾಳಿ ಎಳೆಯಿತು. ಗಂಡ ಸೊಂಟದುದ್ದ ನೀರಿನಲ್ಲಿ ನಿಂತು ಅದನ್ನು ಬಿಡಿಸಿದ. ಮೇಷ್ಟ್ರಿಗೆ ನಾನು ಹಾಕಿದ ಅಂಕವನ್ನು ಇಲ್ಲಿ ಬರೆಯುವುದಿಲ್ಲ, ಅವರ ಮಕ್ಕಳು ಓದಿಯಾರು.

ಅತ್ತೆ ಬಾವಿಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು. "ನೀರು ಕುಡ್ಯೋದನ್ನ ನೀರಿಗೆ ಹಾಕುದ್ರೆ ನೀರೇ ಕುಡೀತದೆ ಕಣವ್ವಾ. ನೀರಂದ್ರೆ ಆಗ್ದಿರೋದು ಬೇಕು," ಅಂದಳು.

"ಹೌದೌದು," ಅಂದೆ. ಸಣ್ಣ ಮಕ್ಕಳಿಗೆ ಹೇಳುವ ಹಾಗೆ.

ಆಮೇಲೆ ಪಟಿಕಕ್ಕೆ ಕೈ ಹಾಕಿದೆ. ಕದಡಿದ ನೀರು ತಿಳಿಯಾಗಲು ಪಟಿಕ ಉಪಯೋಗಿಸುತ್ತಾರೆಂದು ನಾಲ್ಕನೇ ತರಗತಿಗೆ ಪಾಠ ಮಾಡಿದವಳು ನಾನು. ಒಂದು ಬಟ್ಟೆಗೆ ದೊಡ್ಡ ಗಡ್ಡೆ ಕಟ್ಟಿ ಬಾವಿಗೆ ಇಳಿಬಿಟ್ಟೆ. ಎರಡನೇ ಭಾನುವಾರ ಭಾವ ಊಟಕ್ಕೆ ಹೋದಾಗ ಬಟ್ಟಲುಗಳನ್ನು ಎಂದಿನಂತೆ ಅದ್ದಿ ತೊಳೆದಿದ್ದೆ, ಸೋಮವಾರ ಎಣ್ಣೆ ಹೋದ ಸೋಮವಾರದಂತೆಯೇ ಹೆಚ್ಚಾಗಿತ್ತು. ಆದರೆ ಮಂಗಳವಾರದಿಂದ ಕಡಿಮೆಯಾಗುತ್ತಾ ಬಂತು. ಬುಧವಾರ ಇನ್ನೂ ಕಡಿಮೆ. ಗುರುವಾರ ಸಂಜೆ ಶಾಲೆಯಿಂದ ಬಂದು ನೋಡಿದರೆ ನೀರಿನಲ್ಲಿ ಆಕಾಶ ಕಾಣುತ್ತಿತ್ತು. ನಾಲ್ಕನೇ ಜ್ವರದಿಂದ ಎದ್ದ ಹುಳು ಮೇಯತೊಡಗಿದವು. ಹುಳುಮನೆಯಲ್ಲಿ ಮತ್ತೆ ಹೆಂಚಿನ ಮೇಲೆ ಮಳೆ ಬಿದ್ದಂಥ ಆ ಸದ್ದು. ಪಟಿಕದ ಮಹಿಮೆಯನ್ನು ಶಾಲೆಯಲ್ಲಿ ಎಲ್ಲರೆದುರು ಹೇಳಿ ವಿಜ್ಞಾನದ ಮೇಷ್ಟ್ರ ಮುಖ ಕಿವುಚಿಸಿದೆ. ಭಾವ ಆ ಸೋಮವಾರವೇ ಕುರ್ಚಿಯ ಕಾವಲಿನಿಂದ ಬೇಸತ್ತು ತಮ್ಮ ಕಾಫಿ ಅಂಗಡಿಗೆ ಮರಳಿದ್ದರು. ಎಣ್ಣೆ ಹೋದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಅದೇ ವಾರ ಇನ್ನೊಂದು ಗಮನಿಸಿದ್ದೆ. ಅತ್ತೆ ದಿಂಬಿಲ್ಲದೆ ಮಲಗುತ್ತಿದ್ದಳು. ಮಡಿಸಿದ ಗೋಣಿಚೀಲ ತಲೆಗಿಟ್ಟುಕೊಂಡು. ದಿಂಬೆಲ್ಲಿ ಅಂತ ಕೇಳಿದರೆ, "ಸೆಖೆ ಕಣವ್ವಾ, ತಲೆ ಕಾಯ್ತದೆ" ಅಂದಳು. ಸೊಸೆ ದಿಂಬು ಕೂಡ ಕೊಡಲಿಲ್ಲ ಅಂತ ಊರವರ ಮುಂದೆ ತೋರಿಸಿಕೊಳ್ಳಲು ಮುದುಕಿಯ ಹೊಸ ಆಟ ಅಂದುಕೊಂಡೆ. ಮೂವತ್ತರಿಂದ ಇಪ್ಪತ್ತೈದಕ್ಕೆ ಬಂತು.

ಶನಿವಾರ ಮಧ್ಯಾಹ್ನ ಅಧಿಕಾರಿ ಬಂದರು. ಚುನಾವಣೆ ಹತ್ತಿರವಿದ್ದುದರಿಂದ ಅಷ್ಟು ಬೇಗ ಬಂದದ್ದು, ಇಲ್ಲದಿದ್ದರೆ ಬಾವಿಯಲ್ಲಿ ಪಾಚಿ ಕಟ್ಟುವವರೆಗೆ ಕಾಯಬೇಕಿತ್ತು. ಭಾವ ಹೊಸ ಅಂಗಿ, ಊರ ಜನ, ಎಳನೀರು, ಎಲ್ಲ ಸಿದ್ಧ ಮಾಡಿಸಿದ್ದರು. ಅಧಿಕಾರಿ ಒಂದು ಗಾಜಿನ ಸೀಸೆ ಹಿಡಿದು ಮೆಟ್ಟಿಲಿಳಿದು ನೀರು ತುಂಬಿ ಬಿಸಿಲಿಗೆ ಹಿಡಿದು ನೋಡಿದರು.

"ಎಣ್ಣೆ ಎಲ್ರೀ?" ಅಂದರು.

ಭಾವ ಇಣುಕಿದರು. ಬಾವಿಯಲ್ಲಿ ಭಾವನ ಮುಖ ಬಿಟ್ಟರೆ ಬೇರೇನೂ ಕಾಣಲಿಲ್ಲ. "ಇತ್ತು ಸಾ... ಸೋಮ್ವಾರ ಇತ್ತು... ಇವ್ರೆಲ್ಲಾ ನೋಡವ್ರೆ... ಏನ್ರಲಾ, ಹೇಳ್ರಲಾ!"

ಹಿಂದೆ ನಿಂತಿದ್ದ ಯಾರೋ ಕಿಸಕ್ಕೆಂದರು. ಅಧಿಕಾರಿ ಫೈಲು ಬಿಚ್ಚಿ ನನ್ನ ಅರ್ಜಿಯನ್ನು, ಗೆರೆ ಎಳೆದ ವಾಕ್ಯವನ್ನೂ ಸೇರಿಸಿ, ಗಟ್ಟಿಯಾಗಿ ಓದಿದರು. "ಅಕ್ಷರ ಮುದ್ದಾಗಿದೆ," ಅಂದರು. ಎಳನೀರು ಕುಡಿದು ಜೀಪು ಹತ್ತಿದರು.

ಜೀಪಿನ ಧೂಳು ಇಳಿಯುವ ಮೊದಲೇ ಭಾವ ನಮ್ಮ ಕಡೆ ತಿರುಗಿದರು. "ಯಾರು ಎಣ್ಣೆ ತೆಗ್ದದ್ದು?"

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನು ಮುಂದೆ ಬಂದೆ. "ನಾನೇ ಭಾವ. ಪಟಿಕ ಹಾಕಿದೆ. ಹುಳು ಸಾಯ್ತಾ ಇದ್ದವು. ನಿಮ್ಮ ಪರಿಹಾರಕ್ಕೋಸ್ಕರ ಬೆಳೆ ಬಲಿ ಕೊಡೋಕಾಗಲ್ಲ," ಅಂದೆ. ಎರಡು ವಾರದಿಂದ ತಯಾರು ಮಾಡಿಟ್ಟುಕೊಂಡಿದ್ದ ಮಾತು. ಊರವರ ಮುಂದೆ ಆಡಲು ಸಿಕ್ಕಿದ್ದು ನನ್ನ ಪುಣ್ಯ ಅನ್ನಿಸಿತು. ಭಾವ ನನ್ನನ್ನೂ, ನಾನು ಓದಿದ ಶಾಲೆಯನ್ನೂ ಬೈದು, "ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ದೊಡ್ಡೋರು ಸುಮ್ನೆ ಅನ್ನಲಿಲ್ಲ" ಅಂತ ಬೈಕು ಹತ್ತಿ ಹೋದರು. ಅತ್ತೆ ಕೋಲೂರಿಕೊಂಡು ಹುಳುಮನೆ ಕಡೆ ನಡೆದಳು.

ಸಂಜೆಯ ಸೊಪ್ಪು ಹಾಕಲು ನಾನೂ ಹೋದೆ. ಗೆದ್ದ ಖುಷಿಯಲ್ಲಿ ಕೈಯಿಂದ ಒಂದು ಹಿಡಿ ಸೊಪ್ಪು ಜಾರಿ ಸ್ಟ್ಯಾಂಡಿನ ಕೆಳಗೆ ಬಿತ್ತು. ತೆಗೆಯಲೆಂದು ಬಗ್ಗಿದೆ. ಆ ವಾರವೆಲ್ಲ ನಾನು ಒಂದು ಸಲವೂ ಬಗ್ಗಿರಲಿಲ್ಲ, ವಾರದ ತನಕ ಬಗ್ಗುವುದು ಬೇಡವೆಂದೇ ತಾನೇ ಎಣ್ಣೆ ತುಂಬಿದ್ದದ್ದು. ಬಟ್ಟಲಿನಲ್ಲಿ ಎಣ್ಣೆ ಇರಲಿಲ್ಲ. ನೀರಿತ್ತು. ತಿಳಿಯಾದ, ಹೊಸ ನೀರು. ಪಕ್ಕದ ಬಟ್ಟಲಿನಲ್ಲೂ ನೀರು. ಮಂಡಿಯೂರಿ ತೆವಳಿಕೊಂಡು ಒಂದೊಂದನ್ನೇ ನೋಡುತ್ತಾ ಹೋದೆ. ಮೂವತ್ತೆರಡರಲ್ಲೂ ನೀರು.

ಒಂದು ಬಟ್ಟಲನ್ನು ಎತ್ತಿ ಮೂಸಿದೆ. ಎಷ್ಟು ತೊಳೆದರೂ ಹೋಗದ ಆ ವಾಸನೆ ಅಂಚಿನಲ್ಲಿ ಉಳಿದಿತ್ತು. ಬಾವಿಯದೇ ವಾಸನೆ. ಗಂಡ ಹೇಳಿದ ಗಾಡಿ ಆಯಿಲ್ಲಿನ ವಾಸನೆ. ಮೂರು ಸಲ ಮುಳುಗಿಸಿ ತೆಗೆದದ್ದು ನೆನಪಾಯಿತು. ಭಾನುವಾರ ನೆನಪಾಯಿತು. ಸೋಮವಾರ ನೆನಪಾಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಹುಡುಕಿದ್ದು ಸಾಲದು ಅಂತ ಸರ್ಕಾರಕ್ಕೂ ಅರ್ಜಿ ಬರೆದು ಹುಡುಕಿಸಿದ್ದೆ.

ಹುಳುಮನೆಯ ಹಿಂದೆ ಬೂದಿಗುಂಡಿ. ಅತ್ತೆ ಅದರ ಪಕ್ಕದಲ್ಲಿ ಕೂತು ಏನನ್ನೋ ಹಿಂಡುತ್ತಿದ್ದಳು. ಊಜಿ ನೊಣ ಬಾರದಂತೆ ಕಿಟಕಿಗೆ ಕಟ್ಟುವ ಬಲೆಯ ಹರಕು ತುಂಡನ್ನು ಚೀಲದಂತೆ ಹೊಲಿದು, ಒಂದು ಬಿದಿರುಗಳಕ್ಕೆ ಕಟ್ಟಿದ್ದಳು. ಚೀಲದೊಳಗೆ ಕರ್ರಗಾದ ಅರಳೆ. ಹಿಂಡಿದಾಗ ಕಪ್ಪು ಎಣ್ಣೆ ಬೂದಿಯ ಮೇಲೆ ತೊಟ್ಟಿಕ್ಕಿತು, ನೀರು ಒಂದು ಹನಿಯೂ ಬರಲಿಲ್ಲ. ಪಕ್ಕದಲ್ಲಿ ಅವಳ ದಿಂಬಿನ ಖಾಲಿ ಗವಸು ಒಣಗಲು ಹಾಕಿತ್ತು.

ನಾನು ಬಂದದ್ದು ಹೆಜ್ಜೆಯಲ್ಲೇ ಗೊತ್ತಾಯಿತು ಅವಳಿಗೆ. ತಲೆಯೆತ್ತದೆ ಹೇಳಿದಳು: "ಬೂರುಗದ ಅರಳೆ ನೀರು ಮುಟ್ಟಾಕಿಲ್ಲ ಮಗಾ. ಎಣ್ಣೆ ಮಾತ್ರ ಕುಡೀತದೆ. ನನ್ ದಿಂಬು ಇಷ್ಟು ವರ್ಷ ನನ್ ತಲೆ ಎಣ್ಣೆ ಕುಡ್ದೈತಲ್ಲ, ಅದ್ಕೆ ಅದ್ರ ರುಚಿ ಗೊತ್ತು. ಮರದ್ದು ಸಿಕ್ಕಿದ್ರೆ ಆಯ್ತಿತ್ತು, ಕಾಯಿ ಇನ್ನೂ ಒಡೀನಿಲ್ವಲ್ಲ."

"ಯಾವಾಗ ಮಾಡಿದ್ರಿ ಅತ್ತೆ?"

"ನೀನು ಸ್ಕೂಲ್ಗೆ ಹೋದ್ಮೇಲೆ. ಗಳ ಹಿಡ್ದು ನೀರ್ ಮ್ಯಾಲೆ ಸುಮ್ನೆ ಆಡ್ಸೋದು, ತಂದು ಹಿಂಡೋದು, ಮತ್ತೆ ಹಾಕೋದು. ದಿನಾ ಒಸಿ ಒಸಿ."

ಎರಡು ಕಣ್ಣಿಗೂ ಪೊರೆ ಬಂದ ಮುದುಕಿ ಪಾಚಿ ಕಟ್ಟಿದ ಬಾವಿ ಮೆಟ್ಟಿಲನ್ನು ದಿನಕ್ಕೆಷ್ಟು ಸಲ ಹತ್ತಿಳಿದಿದ್ದಳೋ ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

"ಬಟ್ಟಲು?"

"ನಾನೇ ತೊಳ್ದು ನೀರು ತುಂಬ್ದೆ. ನಿನ್ ಗಂಡುಂಗೆ ಕ್ಯಾನು ವಾಪ್ಸು ತಕ್ಕೊಂಡ್ ಹೋಗು ಅಂದೆ. ತಕ್ಕೊಂಡ್ ಹೋದ."

ಅಂದರೆ ಅವನಿಗೂ ಗೊತ್ತಿತ್ತು. ಕಣ್ಣು ಕಾಣದವಳಿಗೆ ಗೊತ್ತಿತ್ತು, ಬಾಯಿ ಬಾರದವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವರು ಇಡೀ ಮನೆಯಲ್ಲಿ ಇಬ್ಬರೇ, ಭಾವ ಮತ್ತು ನಾನು. ನಾನು ಯಾರ ಸಾಲಿನಲ್ಲಿ ಕೂತಿದ್ದೆ ಎಂಬುದು ಅವತ್ತು ಸ್ಪಷ್ಟವಾಯಿತು. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಇದಕ್ಕಿಂತ ಮೆತ್ತಗಿನ ಪದ ನನ್ನ ಹತ್ತಿರ ಇಲ್ಲ.

"ನನಗೆ ಮೊದಲೇ ಹೇಳಬಹುದಿತ್ತಲ್ಲ ಅತ್ತೆ? ಎಲ್ಲರ ಮುಂದೆ ಪಟಿಕ ಪಟಿಕ ಅಂತ..." ಆಗಲೂ ತಪ್ಪು ಅವಳದೇ ಅನ್ನುವ ಧಾಟಿ ನನ್ನದು, ನೋಡಿ.

"ಹೇಳುದ್ರೆ ನೀನು ಸುಮ್ಕಿರೋಳಾ? ವಾದ ಮಾಡ್ತಿದ್ದೆ. ನಿನ್ ಬಾವನ ಕಿವೀಗ್ ಬೀಳ್ತಿತ್ತು. ಸೊಸೇನೇ ಬಾವಿ ಕೆಡ್ಸುದ್ಲು ಅಂತ ಗೊತ್ತಾದ್ರೆ ಅವ್ನು ನಾಳೀಕೆ ಗೋಡೆ ಎಬ್ಬುಸ್ತಿದ್ದ. ನಿನ್ ಹೆಸ್ರು ಉಳುದ್ರೆ ಹುಳಿನ್ಮನೆ ಉಳೀತದೆ. ಅಷ್ಟೇ ಕಣವ್ವಾ." ಚೀಲವನ್ನು ಇನ್ನೊಂದು ಸಲ ಹಿಂಡಿದಳು. "ಪಟಿಕ ಅಂದ್ಯಲ್ಲ, ಒಳ್ಳೇದಾಯ್ತು. ಅವ್ನು ಅದ್ನೇ ನಂಬ್ಕತ್ತಾನೆ."

ಆ ಬೆಳೆ ಉಳಿಯಿತು. ಸತ್ತ ಎರಡು ತಟ್ಟೆ ಬಿಟ್ಟರೆ ಉಳಿದ ಹುಳು ಹಣ್ಣಾಗಿ ಚಂದ್ರಿಕೆ ಎಂಬ ಬಿದಿರು ತಟ್ಟಿ ಹತ್ತಿ ಗೂಡು ಕಟ್ಟಿದವು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನಿಂದ ನೂಲು ತೆಗೆಸುವ ಒಬ್ಬ ರೀಲರ್ ಸಾಹೇಬರು ಗೂಡನ್ನು ಕಿವಿಯ ಹತ್ತಿರ ಅಲುಗಾಡಿಸಿ, "ಯಾರು ಸಾಕಿದ್ದು? ಕೈ ಚೆನ್ನಾಗೈತೆ," ಅಂದರು. ಭಾವ ಪಕ್ಕದಲ್ಲೇ ನಿಂತಿದ್ದರು. ನಾನು ಬಾಯಿ ಬಿಡಲಿಲ್ಲ. ಗಾರೆಯವನು ಮತ್ತೆ ನಮ್ಮ ಕಡೆ ಬರಲಿಲ್ಲ.

ಭಾವನಿಗೆ ನಿಜವನ್ನು ನಾನು ಕೊನೆಯವರೆಗೂ ಹೇಳಲಿಲ್ಲ. ಬಿಡದಿ ಕಡೆ ಹೋಗುವಾಗಲೆಲ್ಲ ಕಾರ್ಖಾನೆಯ ಗೋಡೆಗೆ ಶಾಪ ಹಾಕುತ್ತಲೇ ಅವರು ಮುದುಕರಾದರು. ಆ ಕಾರ್ಖಾನೆಯವರು ಬೇರೆ ಏನೇನು ಮಾಡಿದ್ದಾರೋ ನನಗೆ ಗೊತ್ತಿಲ್ಲ, ನಮ್ಮ ಬಾವಿಗಂತೂ ಏನೂ ಮಾಡಿರಲಿಲ್ಲ. ನನ್ನ ಮುದ್ದಾದ ಅಕ್ಷರದ ಅರ್ಜಿ ಯಾವುದೋ ಕಪಾಟಿನಲ್ಲಿ ಇನ್ನೂ ಇದ್ದೀತು, ಕಾರಣರಾದವರನ್ನು ಶಿಕ್ಷಿಸಿ ಅನ್ನುವ ಸಾಲಿನ ಕೆಳಗೆ ನನ್ನದೇ ಗೆರೆ, ನನ್ನದೇ ಸಹಿ.

ಬೂರುಗದ ಕಾಯಿ ಒಡೆದದ್ದು ತಿಂಗಳ ಮೇಲೆ. ತೋಟದ ತುಂಬ ಅರಳೆ ಹಾರಿತು. ನಾನು ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಬಗ್ಗಿ ಬಗ್ಗಿ ಆರಿಸಿ, ಬೀಜ ಬಿಡಿಸಿ, ನನ್ನ ಒಂದು ಒಳ್ಳೆಯ ಸೀರೆ ಹರಿದು ಗವಸು ಹೊಲಿದು, ಅತ್ತೆಗೆ ದಿಂಬು ಮಾಡಿದೆ. ಸಂಜೆ ಅವಳ ಮಡಿಲಲ್ಲಿಟ್ಟು ಏನೋ ಹೇಳಬೇಕೆಂದು ನಿಂತೆ. ಕ್ಷಮಿಸಿ ಅನ್ನುವ ಮಾತು ನಮ್ಮ ಮನೆಗಳಲ್ಲಿ ಬಳಕೆಯಲ್ಲಿಲ್ಲ, ನನ್ನ ಬಾಯಲ್ಲಂತೂ ಇಲ್ಲವೇ ಇಲ್ಲ.

ಅತ್ತೆ ದಿಂಬನ್ನು ಎರಡೂ ಕೈಯಲ್ಲಿ ಒತ್ತಿ ನೋಡಿದಳು, ಮೂಸಿದಳು. ತಲೆಗಿಟ್ಟುಕೊಳ್ಳಲಿಲ್ಲ. ಗೋಡೆಯ ಗೂಟ ತಡವಿ ಅದಕ್ಕೆ ನೇತುಹಾಕಿದಳು.

"ಇರ್ಲಿ ಬುಡು," ಅಂದಳು. "ನಿಂಗೆ ಇನ್ನೊಂದ್ಸಲ ಬುದ್ಧಿ ಬಂದಾಗ ಬೇಕಾಯ್ತದೆ."